ಎರಡನೆಯ ಕಿವಿ

12 ಜನವರಿ

ಮಗಳೇ,

ನಾನು ಆರೋಗ್ಯವಾಗಿದ್ದೇನೆ. ನೀನೂ ಹಾಗೇ ಇರಬೇಕು. ಇಲ್ಲದಿದ್ದರೆ ಮುಚ್ಚಿಡದೆ ಬರೆ.

ಈ ಪತ್ರಕ್ಕೆ ಕಾರಣ ಹಲ್ಲಿನ ಡಾಕ್ಟರ ಕ್ಲಿನಿಕ್ಕು. ಮೊನ್ನೆ ಅಲ್ಲಿ ಬೆಂಚಿನ ಮೇಲೆ ನನ್ನ ಸರದಿಗೆ ಕಾಯುತ್ತಿದ್ದೆ. ಪಕ್ಕದಲ್ಲಿದ್ದ ನಿವೃತ್ತ ಬ್ಯಾಂಕ್ ಮ್ಯಾನೇಜರು ಕೆನ್ನೆ ಒತ್ತಿಹಿಡಿದುಕೊಂಡೇ ವಿಚಾರಣೆ ಶುರುಮಾಡಿದರು.

"ಮಕ್ಕಳೇನ್ ಮಾಡ್ತಾರೆ?"

"ಮಗ ಸಬ್‌ಮರೀನ್‌ನಲ್ಲಿದಾನೆ."

ಆತ ಕೆನ್ನೆಯಿಂದ ಕೈ ತೆಗೆದು ನೆಟ್ಟಗೆ ಕೂತರು. "ನೀರೊಳಗಾ? ಅಬ್ಬಾ! ಮಗಳು?"

"ಕಂಪ್ಯೂಟರ್ ಕೆಲಸ."

"ಓ, ಅದಾ," ಎಂದರು. ಕೈ ಮತ್ತೆ ಕೆನ್ನೆಗೆ ಹೋಯಿತು.

'ಅದಾ' ಅನ್ನಿಸಿಕೊಳ್ಳುವ ಮಗಳನ್ನು ನಾನು ಹೆತ್ತಿಲ್ಲ. ಆದರೆ ತಿರುಗಿ ಹೇಳಲು ನನ್ನ ಬಳಿ ಒಂದು ವಾಕ್ಯವೂ ಇರಲಿಲ್ಲ. ಹಲ್ಲು ಕೀಳಿಸಿಕೊಂಡದ್ದಕ್ಕಿಂತ ಅದೇ ಹೆಚ್ಚು ನೋಯಿತು. ನೀನು ಇಷ್ಟು ವರ್ಷದಿಂದ ಏನು ಮಾಡುತ್ತಿದ್ದೀಯ? ಸಮುದ್ರಕ್ಕೆ ಸಂಬಂಧಪಟ್ಟದ್ದು ಎಂಬಷ್ಟು ಗೊತ್ತು. ನಿಮ್ಮ ಗೇಟಿನಲ್ಲಿ ಫೋನು ಇಸಿದುಕೊಳ್ಳುತ್ತಾರೆ, ಸಂಜೆ ಸಿಕ್ಕರೆ "ಊಟ ಆಯ್ತಾ, ಆಯ್ತು" ಅಷ್ಟೇ. ಅಲ್ಲದೆ ಫೋನಿನಲ್ಲಿ ಆಡಿದ್ದು ಅರ್ಥವಾಗದಿದ್ದರೆ ಇನ್ನೊಮ್ಮೆ ಓದಲು ಬರುವುದಿಲ್ಲ. ಆದ್ದರಿಂದ ಬರೆದು ಕಳಿಸು. ನಾನು ಹೈಸ್ಕೂಲು ಮುಗಿಸಿದವಳು, ಗಣಿತದಲ್ಲಿ ಯಾರ ಮುಂದೆಯೂ ತಲೆ ತಗ್ಗಿಸಿದವಳಲ್ಲ. ಮಕ್ಕಳಿಗೆ ಹೇಳುವ ಹಾಗೆ ಹೇಳಬೇಡ.

ನಿನ್ನ ತಮ್ಮ ಗುಬ್ಬಿ ಹೋದ ವಾರ ಎರಡು ದಿನ ಬಂದುಹೋದ. ಬಾಗಿಲಲ್ಲಿ ಈಗಲೂ ತಲೆ ಬಗ್ಗಿಸಿ ಬರುತ್ತಾನೆ. ಅವನಿಗೆ ಆ ಹೆಸರಿಟ್ಟವಳು ನೀನು. ನಿನ್ನ ಸುದ್ದಿ ಅವನು ಎತ್ತಲಿಲ್ಲ. ಹಿಂದೆ ನೀವಿಬ್ಬರೂ ಬಂದಿದ್ದಾಗ ಊಟದ ಮೇಜಿನಲ್ಲಿ ಅವನು "ಕುರ್ಚಿ ಬಿಟ್ಟೇಳದೆ ಸಮುದ್ರ ಅಳೆಯೋರು" ಅಂದ. ನೀನು "ನಿಮ್ಮ ದೋಣಿ ಹೋಗ್ತಿದ್ರೆ ಬ್ಯಾಂಡ್‌ಸೆಟ್ ಹೋದ ಹಾಗಿರುತ್ತೆ" ಅಂದೆ. ಅಲ್ಲಿಂದ ಇಬ್ಬರಿಗೂ ಮಾತಿಲ್ಲ. ನಾನು ನಡುವೆ ಬರುವವಳಲ್ಲ. ಇಬ್ಬರಿಗೂ ಕೂದಲು ನರೆಯುವ ವಯಸ್ಸು.

ನಿನ್ನ ತಾಯಿ

3 ಫೆಬ್ರವರಿ

ಅಮ್ಮಾ,

ನಿನ್ನ ಪತ್ರ ನಮ್ಮಲ್ಲಿ ಪತ್ರ ಓದುವ ಅಧಿಕಾರಿಯ ಮೇಜು ದಾಟಿ ನನ್ನ ಕೈಗೆ ಬಂತು. ಕೊಡುವಾಗ ಅವರು, "ನಿಮ್ಮ ತಾಯಿ ಹೆಡ್‌ಮಿಸ್ಟ್ರೆಸ್ಸಾ?" ಎಂದು ಕೇಳಿದರು. "ಅಲ್ಲ, ಕೋಣೆಗಳನ್ನ ಬಾಡಿಗೆಗೆ ಕೊಡ್ತಾರೆ," ಅಂದೆ. "ಪಾಪ, ಬಾಡಿಗೆದಾರರು," ಅಂದರು.

ಪಠ್ಯಪುಸ್ತಕದಲ್ಲಿ ಇರುವಷ್ಟನ್ನು ಬರೆಯಬಹುದಂತೆ. ಕೇಳು.

ನೀರಿನೊಳಗೆ ಕಣ್ಣು ಕೆಲಸಕ್ಕೆ ಬಾರದು, ಕಿವಿ ಬರುತ್ತದೆ. ಜಲಾಂತರ್ಗಾಮಿ ಬಂದರೆ ತಿಳಿಯಲಿ ಎಂದು ಸಮುದ್ರದ ತಳದಲ್ಲಿ ಕಿವಿಗಳನ್ನು ಇಡುತ್ತಾರೆ. ನಾವು ಸೆನ್ಸರ್ ಅನ್ನುತ್ತೇವೆ, ನೀನು ಕಿವಿ ಅಂದುಕೋ. ಸಮುದ್ರ ದೊಡ್ಡದು, ಕಿವಿಗಳು ಕೆಲವೇ. ಇಟ್ಟಮೇಲೆ ಕಿತ್ತು ಬೇರೆಡೆ ಇಡುವುದು ಸುಲಭವಲ್ಲ. ಎಲ್ಲಿಡಬೇಕು ಎಂದು ಮೊದಲೇ ತಿಳಿಯಬೇಕು. ಅದನ್ನು ಹೇಳುವುದು ನನ್ನ ಕೆಲಸ.

ಸಮುದ್ರದಲ್ಲಿ ಇಟ್ಟುನೋಡಲು ಆಗದಿದ್ದರಿಂದ ಕಂಪ್ಯೂಟರಿನಲ್ಲಿ ಒಂದು ಸುಳ್ಳು ಸಮುದ್ರ ಮಾಡಿದ್ದೇವೆ. ಆಳ, ತಳದ ಮಣ್ಣು, ನೀರಿನ ಬಿಸಿ ತಂಪು, ಹಡಗುಗಳ ಗದ್ದಲ ಎಲ್ಲವೂ ಅದರಲ್ಲಿದೆ. ಸದ್ದು ನೀರಿನಲ್ಲಿ ನೆಟ್ಟಗೆ ಹೋಗುವುದಿಲ್ಲ ಅಮ್ಮ. ಬಿಸಿ ಪದರ ತಂಪು ಪದರ ಸೇರುವಲ್ಲಿ ಬಾಗುತ್ತದೆ. ಹತ್ತಿರವೇ ಇದ್ದರೂ ಕೇಳಿಸದ ಜಾಗಗಳಿವೆ, ಗೋಡೆಯ ನೆರಳಿದ್ದ ಹಾಗೆ. ಆ ಸುಳ್ಳು ಸಮುದ್ರದಲ್ಲಿ ಸಾವಿರಾರು ಸುಳ್ಳು ದೋಣಿಗಳನ್ನು ಬಿಡುತ್ತೇವೆ. ಯಾವ ಕಿವಿಗೆ ಯಾವುದು ಸಿಕ್ಕಿತು, ಯಾವುದು ನುಸುಳಿತು ಎಂದು ನೋಡುತ್ತೇವೆ. ಕಿವಿಗಳ ಜಾಗ ಬದಲಿಸಿ ಮತ್ತೆ ಬಿಡುತ್ತೇವೆ.

ಓದಿದರೆ ಸಾಲದು, ಮಾಡಿ ನೋಡು. ಅಡುಗೆಮನೆಗೆ ಬೆಕ್ಕು ಬರುತ್ತದೆ ಎಂದು ಬೈಯುತ್ತಿದ್ದೆಯಲ್ಲ. ಮನೆಯ ನಕ್ಷೆ ಬರೆ. ಅಂಗಿಯ ಗುಂಡಿಯೊಂದು ಬೆಕ್ಕು. ದಾರಿ ಒಡೆಯುವ ಕಡೆಯೆಲ್ಲ ದಾಳ ಹಾಕಿ ಅದು ಎತ್ತ ಹೋಗುತ್ತದೆಂದು ತೀರ್ಮಾನಿಸು. ಹಿಟ್ಟು ಉದುರಿಸಿದ ಎರಡೇ ಎರಡು ಹಾಳೆ ನಿನಗೆ ಕೊಟ್ಟಿದ್ದೇನೆ ಅಂದುಕೋ, ಹೆಜ್ಜೆ ಮೂಡಲಿಕ್ಕೆ. ಎಲ್ಲಿಡುತ್ತೀಯ? ಒಂದು ಎಚ್ಚರಿಕೆ: ಮೊದಲ ಹಾಳೆಗೆ ಜಾಗ ಸಿಕ್ಕಮೇಲೆ, ಅದರ ಮೇಲೆ ಕಾಲಿಟ್ಟ ಬೆಕ್ಕುಗಳನ್ನೆಲ್ಲ ಲೆಕ್ಕದಿಂದ ಹೊಡೆದುಹಾಕು. ಎರಡನೆಯದು ತಪ್ಪಿಸಿಕೊಂಡವುಗಳಿಗೆ.

ಗುಬ್ಬಿಯ ವಿಷಯ ನಾನೂ ಎತ್ತುವುದಿಲ್ಲ.

ನಿನ್ನ ಮಗಳು

9 ಮಾರ್ಚ್

ಮಗಳೇ,

ಹಳೆ ಕ್ಯಾಲೆಂಡರಿನ ಬೆನ್ನಿಗೆ ನಕ್ಷೆ ಬರೆದೆ. ಬೆಕ್ಕು ನಿನ್ನ ಹಳೇ ಕೋಟಿನ ಗುಂಡಿ. ದಾಳ ಹಾಕಲು ಮೇಲಿನ ಕೋಣೆಯ ನರ್ಸನ್ನು ಕೂರಿಸಿಕೊಂಡೆ.

"ಅಮ್ಮಾವ್ರೇ, ಇದು ಜೂಜಲ್ವಾ?" ಅಂದಳು.

"ಜೂಜಲ್ಲ, ವಿಜ್ಞಾನ. ಹಾಕು."

"ಗೆದ್ದೋರಿಗೆ ಏನ್ ಸಿಗುತ್ತೆ?"

"ಬೆಕ್ಕು."

ಮೊದಲು ಬೇಸರದಿಂದ ಹಾಕುತ್ತಿದ್ದವಳು ಆಮೇಲೆ ಡ್ಯೂಟಿಗೆ ಹೊತ್ತಾದರೂ ಏಳಲೊಲ್ಲಳು. ನನಗಂತೂ ಅಡುಗೆಮನೆ ಬಾಗಿಲಲ್ಲೇ ಎರಡೂ ಹಾಳೆ ಇಡಬೇಕೆಂದು ಮೊದಲಿನಿಂದ ಇತ್ತು, ಹಾಲಿರುವುದು ಅಲ್ಲಿ. ದಾಳ ಒಪ್ಪಲಿಲ್ಲ. ತಾರಸಿಯಿಂದ ಬಂದದ್ದೂ ಬೀದಿ ಬಾಗಿಲಿನಿಂದ ಬಂದದ್ದೂ ಮೆಟ್ಟಿಲ ತಿರುವನ್ನು ತುಳಿದೇ ಹೋಗುತ್ತಿದ್ದವು. ಮೊದಲ ಹಾಳೆ ಅಲ್ಲಿಗೆ. ಬೆಕ್ಕು ದಾಟಿದ ಕಡೆಗೆಲ್ಲ ಒಂದೊಂದು ಗೆರೆ ಎಳೆದಿದ್ದೆ, ಆ ಲೆಕ್ಕದಲ್ಲಿ ಎರಡನೆಯ ಸ್ಥಾನ ಅಡುಗೆಮನೆಗೇ ಇತ್ತು. ನಿನ್ನ ಮಾತಿನಂತೆ ಸಿಕ್ಕಿಬಿದ್ದ ಬೆಕ್ಕುಗಳನ್ನು ಹೊಡೆದುಹಾಕಿದೆ ನೋಡು, ಅಡುಗೆಮನೆಯ ಗೆರೆಗಳೆಲ್ಲ ಕರಗಿಹೋದವು! ಅಲ್ಲಿಗೆ ಬಂದವೆಲ್ಲ ಮೆಟ್ಟಿಲು ತುಳಿದೇ ಬಂದಿದ್ದವು. ಉಳಿದವು ಯಾವುವು ಅಂದರೆ ಬಚ್ಚಲಿನ ಗಾಳಿಕಿಂಡಿಯಿಂದ ಇಳಿದವು. ನಾನು ಕನಸಿನಲ್ಲೂ ನೆನೆಯದ ಜಾಗ. ಎರಡನೆಯ ಹಾಳೆ ಬಚ್ಚಲ ಮುಂದೆ ಇಟ್ಟೆ. ಮೂರನೆಯ ಬೆಳಿಗ್ಗೆ ನಾಲ್ಕು ಪಾದ ಸ್ಪಷ್ಟವಾಗಿ ಮೂಡಿದ್ದವು. ನರ್ಸು ಕೂಗಿದ ಕೂಗಿಗೆ ಬಾಡಿಗೆದಾರರೆಲ್ಲ ಕೆಳಗಿಳಿದು ಬಂದರು.

ಎರಡು ಕಿವಿ ಒಂದೇ ಬಾಗಿಲಿಗೆ ಇಡುವುದು ನಮ್ಮ ಹೆದರಿಕೆ, ಲೆಕ್ಕವಲ್ಲ. ಸರಿಯಾಗಿ ತಿಳಿದುಕೊಂಡೆನೇ?

ಈಗ ನನ್ನ ಪ್ರಶ್ನೆಗಳು. ನಿನ್ನೆ ಹಾಲು ಖಾಲಿ, ಹಾಳೆಯಲ್ಲಿ ಗುರುತಿಲ್ಲ. ಅದು ಹಾಳೆಯನ್ನು ಹಾರಿ ದಾಟಲು ಕಲಿತಿದೆ. ನಿನ್ನ ಸುಳ್ಳು ದೋಣಿಗಳಿಗೆ ಬುದ್ಧಿ ಇದೆಯೋ, ಅಥವಾ ನನ್ನ ಗುಂಡಿಯ ಹಾಗೆ ದಾಳ ಹೇಳಿದ ಕಡೆ ಹೋಗುತ್ತವೋ?

ಇನ್ನೊಂದು. ಗುಂಡಿಯಲ್ಲಿ ಯಾರೂ ಕೂತಿರುವುದಿಲ್ಲ. ನೀನು ಹುಡುಕುವ ದೋಣಿಯಲ್ಲಿ ಯಾರು ಕೂತಿರುತ್ತಾರೆ?

ನಿನ್ನ ತಾಯಿ

6 ಏಪ್ರಿಲ್

ಅಮ್ಮಾ,

ಸರಿಯಾಗಿ ತಿಳಿದುಕೊಂಡಿದ್ದೀಯ. ನನಗೆ ಇದು ತಲೆಗೆ ಹತ್ತಲು ಇಡೀ ಒಂದು ಸೆಮಿಸ್ಟರ್ ಬೇಕಾಗಿತ್ತು, ನಿನಗೆ ಹೇಳಬಾರದೆಂದಿದ್ದೆ.

ದೋಣಿಗಳಿಗೆ ಬುದ್ಧಿ ಕೊಟ್ಟಿದ್ದೇವೆ. ಹೆದರುವ ಕ್ಯಾಪ್ಟನ್, ಜಂಬದ ಕ್ಯಾಪ್ಟನ್, ಕಿವಿ ಎಲ್ಲಿರಬಹುದೆಂದು ಊಹಿಸುವ ಕ್ಯಾಪ್ಟನ್. ಊಹಿಸುವವನೇ ನಮಗೆ ತಲೆನೋವು.

ಯಾರು ಕೂತಿರುತ್ತಾರೆ ಅಂದೆ. ಕಂಪ್ಯೂಟರಿನಲ್ಲಿ ಯಾರೂ ಇಲ್ಲ. ಆದರೆ ಕಿವಿಗಳನ್ನು ಇಟ್ಟಾಗಿದೆ, ಜೂನ್‌ನಲ್ಲಿ ಪರೀಕ್ಷೆ. ನಮ್ಮದೇ ಒಂದು ದೋಣಿ ಕಳ್ಳನಾಗಿ ನುಸುಳಬೇಕು, ನಾವು ಹಿಡಿಯಬೇಕು. ಕೇಳಿಸದೇ ಹೋದರೆ ನಮ್ಮ ವಿಭಾಗಕ್ಕೆ ಬೀಗ. ನಾನು ಯಾವುದೋ ಕಚೇರಿಯಲ್ಲಿ ಕಡತ ಜೋಡಿಸುತ್ತಿರುತ್ತೇನೆ.

(ಇಲ್ಲಿ ಒಂದು ಸಾಲಿಗೆ ಮಸಿ ಬಳಿದಿದೆ.)

ಹೇಳದೇ ಇರಬಹುದಿತ್ತು. ನೀನು ಕೇಳಿದ್ದರಿಂದ ಹೇಳಿದೆ.

ನಿನ್ನ ಮಗಳು

20 ಏಪ್ರಿಲ್

ಮಗಳೇ,

ಮಸಿ ಬಳಿದ ಸಾಲನ್ನು ಕಿಟಕಿಯ ಬೆಳಕಿಗೆ ಹಿಡಿದೆ. 'ತಮ್ಮ' ಎಂಬುದು ಚೆನ್ನಾಗಿಯೇ ಕಾಣಿಸಿತು. ಈ ಪತ್ರವನ್ನು ಒಡೆದು ಓದುವವರಿಗೆ ಒಂದು ಮಾತು: ಮಾಡುವ ಕೆಲಸವನ್ನು ಮನಸ್ಸಿಟ್ಟು ಮಾಡಿ, ಇಲ್ಲವಾದರೆ ಮಸಿ ಉಳಿಸಿ. ಮುಂದಿನದನ್ನೂ ಬೇಕಾದರೆ ಓದಿ, ನನಗೆ ನಾಚಿಕೆಯಿಲ್ಲ.

ಮಗಳೇ, ಅವನನ್ನು ಬಿಟ್ಟುಬಿಡು.

ಇದು ಬೇಡಿಕೆಯಲ್ಲ, ನಾನು ನಿನ್ನನ್ನು ಯಾವತ್ತೂ ಬೇಡಿದವಳಲ್ಲ. ಹೇಳುತ್ತಿದ್ದೇನೆ. ಆ ಕಬ್ಬಿಣದ ಕೊಳವೆಯಲ್ಲಿ ಅವನು ಮುಳುಗಿ ಹೋದಾಗಲೆಲ್ಲ ನನಗಿರುವ ಧೈರ್ಯ ಒಂದೇ, ಅವನು ಯಾರಿಗೂ ಕಾಣುವುದಿಲ್ಲ, ಯಾರಿಗೂ ಕೇಳುವುದಿಲ್ಲ. ಅಷ್ಟನ್ನು ಹಿಡಿದುಕೊಂಡು ನಾನು ನಿದ್ದೆ ಮಾಡುತ್ತೇನೆ. ಆ ದೋಣಿಯೂ ಸಿಗುತ್ತದೆ ಎಂದು ಈಗ ನೀನೇ ತೋರಿಸಿಕೊಡುತ್ತೀಯಾ? ನೀನು ಹಿಡಿದದ್ದನ್ನು ನಾಳೆ ಇನ್ನೊಬ್ಬ ಹಿಡಿಯುತ್ತಾನೆ. ಅವನ ಬಳಿ ಚಪ್ಪಾಳೆ ಇರುವುದಿಲ್ಲ, ಮದ್ದುಗುಂಡು ಇರುತ್ತದೆ.

ನಿನಗೆ ಬೇರೆ ಕೆಲಸ ಸಿಗುತ್ತದೆ. ಕಡತ ಜೋಡಿಸಿದರೆ ಕೈ ಸವೆಯುವುದಿಲ್ಲ.

ನಿನ್ನ ತಾಯಿ

21 ಏಪ್ರಿಲ್

ಗುಬ್ಬಿ,

ನಾನು ಚೆನ್ನಾಗಿದ್ದೇನೆ. ಉಣ್ಣುವಾಗ ಆತುರ ಮಾಡಬೇಡ.

ನೀವು ಸದ್ಯದಲ್ಲೇ ಒಂದು ಕಣ್ಣಾಮುಚ್ಚಾಲೆಗೆ ಹೋಗುವವರಿದ್ದೀರೆಂದು ತಿಳಿಯಿತು. ಹೇಗೆ ತಿಳಿಯಿತು ಎಂದು ಕೇಳಬೇಡ. ಒಂದು ಮಾತು ನೆನಪಿಟ್ಟುಕೋ. ಹುಡುಕುವವರು ಎಲ್ಲರೂ ತುಳಿಯುವ ದಾರಿಗೆ ಮೊದಲು ಕಾವಲಿಡುತ್ತಾರೆ. ಆಮೇಲೆ ತಪ್ಪಿಸಿಕೊಳ್ಳುವವರ ದಾರಿಗೆ ಇಡುತ್ತಾರೆ. ಆದ್ದರಿಂದ ನೀನು ಬುದ್ಧಿವಂತರ ದಾರಿಯಲ್ಲಿಯೂ ಹೋಗಬೇಡ, ದಡ್ಡರ ದಾರಿಯಲ್ಲಿಯೂ ಹೋಗಬೇಡ. ಮೂರನೆಯದನ್ನು ಹುಡುಕಿಕೊಂಡು ದೋಣಿಯನ್ನು ಅತ್ತ ತಿರುಗಿಸು.

ನಿನ್ನ ತಾಯಿ

14 ಮೇ

ಅಮ್ಮ,

ನಿನ್ನ ಪತ್ರವನ್ನು ಎರಡು ಸಲ ಓದಿದೆ, ಆಮೇಲೆ ಗೆಳೆಯರಿಗೂ ಓದಿ ಹೇಳಿದೆ. "ನಿಮ್ಮಮ್ಮನ್ನ ಕ್ಯಾಪ್ಟನ್ ಮಾಡ್ಬೋದಲ್ಲೋ" ಅಂದರು.

ಅಮ್ಮ, ನಾನು ದೋಣಿ ಓಡಿಸುವುದಿಲ್ಲ. ಇಷ್ಟು ವರ್ಷ ನೀನು ಹಾಗೆ ತಿಳಿದುಕೊಂಡಿದ್ದೆಯಾ? ನಾನು ಹಿಂಭಾಗದಲ್ಲಿ ಪಂಪುಗಳನ್ನು ನೋಡಿಕೊಳ್ಳುತ್ತೇನೆ. ಎತ್ತ ಹೋಗುತ್ತಿದ್ದೇವೆ ಎಂದು ನನಗೇ ಎಷ್ಟೋ ಸಲ ತಿಳಿದಿರುವುದಿಲ್ಲ. ಅಂಗಡಿಯಲ್ಲಿ, ಬೀದಿಯಲ್ಲಿ ನೀನು ಏನೇನು ಹೇಳಿದ್ದೀಯೋ!

ಯೋಚನೆ ಬೇಡ. ನಮ್ಮದಕ್ಕಿಂತ ಸದ್ದಿಲ್ಲದ ದೋಣಿ ಇಲ್ಲ. ಕುರ್ಚಿಯವರು ಕುರ್ಚಿಯಲ್ಲೇ ಇರುತ್ತಾರೆ.

ಗುಬ್ಬಿ

19 ಮೇ

ಅಮ್ಮಾ,

ಪತ್ರ ಓದುವ ಅಧಿಕಾರಿ ಈ ಸಲ ತಮಾಷೆ ಮಾಡಲಿಲ್ಲ. ಬಾಗಿಲು ಹಾಕಿಕೊಂಡು, "ಇದಕ್ಕೆ ನಾನು ಮಸಿ ಹಚ್ಚಿಲ್ಲ. ಉತ್ತರ ನೀವು ಬರೀರಿ," ಎಂದು ಕೈಗಿಟ್ಟರು. ಉತ್ತರಕ್ಕೆ ಇಷ್ಟು ವಾರ ಹಿಡಿಯಿತು. ಕೋಪವೇನೂ ಇಲ್ಲ. ನಿನಗೆ 'ಆಗಲ್ಲ' ಎಂದು ಬರೆದು ನನಗೆ ಅಭ್ಯಾಸವಿಲ್ಲ, ಅದಕ್ಕೆ.

ಆಗಲ್ಲ ಅಮ್ಮ.

ನಾನು ಬಿಟ್ಟುಬಿಟ್ಟೆ ಅಂದುಕೋ. ಅವನು ದಡಕ್ಕೆ ಬಂದು ನಗುತ್ತಾನೆ. ನಮ್ಮ ದೋಣಿಯ ಸದ್ದು ಯಾರಿಗೂ ಕೇಳುವುದಿಲ್ಲ ಎಂದು ಅವನ ಕ್ಯಾಪ್ಟನ್ ಬರೆದಿಡುತ್ತಾರೆ. ಅದನ್ನು ನಂಬಿಕೊಂಡು ಮುಂದಿನ ಸಲ ಅವರು ನಿಜವಾದ ಶತ್ರುವಿನ ಕಡೆಗೆ ಹೋಗುತ್ತಾರೆ. ಅಲ್ಲಿ ಕೂತು ಕೇಳುವವರು ಅವನ ಅಕ್ಕ ಆಗಿರುವುದಿಲ್ಲ.

ಅವನ ದೋಣಿಯಲ್ಲಿ ಸದ್ದು ಇಲ್ಲದೇ ಇದ್ದರೆ ನನಗೆ ಅದು ಸಿಗುವುದಿಲ್ಲ. ನಾನು ಸೋಲುತ್ತೇನೆ, ನೀನು ನಿದ್ದೆ ಮಾಡು. ಸದ್ದು ಇದ್ದರೆ ಅದು ಮೊದಲು ನನಗೆ ಕೇಳಿಸಲಿ. ನನಗೆ ಕೇಳಿಸಿದರೆ ಅದು ಒಂದು ವರದಿ, ಅಷ್ಟೇ. ದೋಣಿಯನ್ನು ರಿಪೇರಿಗೆ ಎಳೆಯುತ್ತಾರೆ. ನೀನು ಯಾವುದಕ್ಕೆ ಹೆದರುತ್ತೀಯೋ ಅದಕ್ಕೇ ನಾನೂ ಹೆದರುತ್ತೇನೆ. ಕಿವಿಗಳನ್ನು ಎಲ್ಲೆಲ್ಲಿ ಇಡಬೇಕೆಂದು ಲೆಕ್ಕ ಹಾಕುವಾಗಲೆಲ್ಲ ಸಾವಿರಾರು ಸುಳ್ಳು ದೋಣಿಗಳಲ್ಲಿ ಒಂದರ ಬಾಗಿಲಲ್ಲಿ ತಲೆ ಬಗ್ಗಿಸಿಕೊಂಡು ಅವನು ಓಡಾಡುತ್ತಿರುತ್ತಾನೆ.

ಒಂದು ಕಿವಿಯನ್ನೂ ಸರಿಸುವುದಿಲ್ಲ. ಬೈದು ಬರೆಯುವುದಿದ್ದರೆ ಬರೆ.

ನಿನ್ನ ಮಗಳು

2 ಜುಲೈ

ಮಗಳೇ,

ಜೂನ್ ಮುಗಿಯಿತು. ನಿನ್ನಿಂದ ಸುದ್ದಿಯಿಲ್ಲ, ಅವನಿಂದಲೂ ಇಲ್ಲ. ನಾನು ಬೈದು ಬರೆಯಲಿಲ್ಲ ಎಂಬುದನ್ನು ಗಮನಿಸಿದ್ದೀಯೆಂದು ನಂಬಿದ್ದೇನೆ.

ಸಿಕ್ಕಿದನೇ?

ನಿನ್ನ ತಾಯಿ

17 ಜುಲೈ

ಅಮ್ಮಾ,

ಸಿಕ್ಕಿದ.

ಎಷ್ಟು ಬರೆಯಬಹುದೋ ಅಷ್ಟು ಬರೆಯುತ್ತೇನೆ. ಮೊದಲ ದಿನವೆಲ್ಲ ಏನೂ ಇಲ್ಲ. ಮರುದಿನವೂ ಇಲ್ಲ. ಒಳ್ಳೆಯ ಜಾಗ ಎಂದು ಎಲ್ಲರೂ ಒಪ್ಪಿದ್ದ ಕಿವಿಗಳು ಮೀನಿನ ಸದ್ದು, ಹಡಗಿನ ಸದ್ದು ಕೇಳಿಕೊಂಡು ಕೂತಿದ್ದವು. ನಮ್ಮ ಹಿರಿಯರು ನನ್ನ ಮುಖ ನೋಡುವುದನ್ನು ಬಿಟ್ಟು ಗೋಡೆ ನೋಡತೊಡಗಿದರು.

ಸದ್ದನ್ನು ನಾವು ಕಿವಿಯಿಂದ ಕೇಳುವುದಕ್ಕಿಂತ ಹೆಚ್ಚಾಗಿ ಪರದೆಯ ಮೇಲೆ ನೋಡುತ್ತೇವೆ. ಜಡಿಮಳೆಯಂತೆ ಬೂದುಬಣ್ಣ ಇಳಿಯುತ್ತಲೇ ಇರುತ್ತದೆ. ಅಲೆಯ ಸದ್ದಿಗೆ ಆಕಾರವಿಲ್ಲ, ಯಂತ್ರದ ಸದ್ದಿಗೆ ಇರುತ್ತದೆ. ಮೂರನೆಯ ದಿನ ಮಧ್ಯಾಹ್ನ, ಅಂಚಿನ ಕಿವಿಯಲ್ಲಿ, ಆ ಬೂದುಬಣ್ಣದೊಳಗೆ ಒಂದು ಗೆರೆ ನಿಂತಿತು. ಕೂದಲಿನಷ್ಟು ತೆಳ್ಳಗೆ, ನೆಟ್ಟಗೆ. "ಇಲ್ಲಿಗ್ಯಾಕೆ ಒಂದು ದಂಡ?" ಎಂದು ಹಿರಿಯರು ಕೇಳಿದ್ದ ಕಿವಿ ಅದು. ಉಳಿದೆಲ್ಲವನ್ನೂ ತಪ್ಪಿಸಿಕೊಂಡವರಿಗಾಗಿ ಇಟ್ಟದ್ದು.

ನಾನು ತಡಮಾಡಲಿಲ್ಲ ಅಮ್ಮ. ನೋಡಿದ ಕೂಡಲೇ ಕೈ ಎತ್ತಿ ಹೇಳಿದೆ.

ಸ್ವಲ್ಪ ಹೊತ್ತು ಇದ್ದು ಗೆರೆ ಅಳಿಸಿಹೋಯಿತು. ಮತ್ತೆ ಅವರು ಸಿಗಲೇ ಇಲ್ಲ. ಅಷ್ಟೇ ಸಾಕಾಯಿತು, ವಿಭಾಗ ಉಳಿಯಿತು. ಕೋಣೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಹೊರಗೆ ಹೋಗಿ ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡೆ. ತೊಳೆದಷ್ಟೂ ಒದ್ದೆಯಾಗುತ್ತಲೇ ಇತ್ತು.

ನಿನ್ನ ಮಗಳು

11 ಆಗಸ್ಟ್

ಅಮ್ಮ,

ದೋಣಿ ರಿಪೇರಿ ಯಾರ್ಡಿನಲ್ಲಿದೆ, ನಾವು ದಡದಲ್ಲಿದ್ದೇವೆ. ಅಕ್ಕನ ಕಡೆಯಿಂದ ವರದಿ ಬಂತು. ಇಂಥ ವೇಗದಲ್ಲಿ ತಿರುಗುವ ಯಾವುದೋ ಯಂತ್ರ ಸದ್ದು ಮಾಡುತ್ತಿದೆ ಎಂದಿತ್ತು. ಓದಿದ ಎಂಜಿನಿಯರು ತಲೆ ಎತ್ತಿ ನನ್ನನ್ನೇ ನೋಡಿದರು.

ಅದು ನನ್ನ ಪಂಪು.

ಬಿಚ್ಚಿದೆವು. ಒಳಗೆ ಬೇರಿಂಗ್ ಸವೆದಿತ್ತು. ನಾನು ಅದರ ಪಕ್ಕದಲ್ಲೇ ನಿಲ್ಲುವವನು, ಅದಕ್ಕೆ ಒರಗಿಕೊಂಡು ಚಹಾ ಕುಡಿಯುವವನು. ಪ್ರತಿದಿನ ಕೇಳುವ ಸದ್ದು ಸದ್ದು ಅನ್ನಿಸುವುದಿಲ್ಲ ಅಮ್ಮ. ಈಗ ಎಲ್ಲರೂ ಕಾಡುತ್ತಾರೆ. ಊಟಕ್ಕೆ ತಡವಾದರೆ, "ಅವನೆಲ್ಲಿದಾನೆ ಅಂತ ಅವನ ಅಕ್ಕನಿಗೆ ಫೋನ್ ಮಾಡ್ರೋ," ಅನ್ನುತ್ತಾರೆ.

ಸರಿ, ಅವಳು ಗೆದ್ದಳು. ಹಾಗಂತ ನೀನೇ ಅವಳಿಗೆ ಬರೆ. ನಾನು ಬರೆದರೆ ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕಿಕೊಳ್ಳುತ್ತಾಳೆ.

ಗುಬ್ಬಿ

23 ಆಗಸ್ಟ್

ಗುಬ್ಬಿ,

ನಾನು ಬರೆಯುವುದಿಲ್ಲ. ನೀನೇ ಬರೆ. ಅವಳು ಫ್ರೇಮು ಹಾಕಿಸಿದರೆ ಹಾಕಿಸಿಕೊಳ್ಳಲಿ, ಖರ್ಚು ಅವಳದು.

ಅವಳು ಗೆದ್ದಳು ಎಂದು ಬರೆದಿದ್ದೀಯ. ನೀನಿನ್ನೂ ಆ ಊಟದ ಮೇಜಿನಲ್ಲೇ ಕೂತಿದ್ದೀಯ, ಎದ್ದು ಬಾ. ನಿನ್ನನ್ನು ಬಿಟ್ಟುಬಿಡು ಎಂದು ಅವಳಿಗೆ ಹೇಳಿದವಳು ನಾನು. ಕೇಳಲಿಲ್ಲ. ಈ ಮನೆಯಲ್ಲಿ ನನ್ನ ಮಾತು ಮೀರಿದವರು ಬಹಳ ಜನ, ಸರಿಯಾದ ಕಾರಣಕ್ಕೆ ಮೀರಿದವಳು ಅವಳೊಬ್ಬಳು. ಕಂಡ ಕೂಡಲೇ ಹೇಳಿದಳಂತೆ. ಒಂದು ಗಳಿಗೆ ಹಿಂದೆಮುಂದೆ ನೋಡಿದ್ದರೂ ನಾನು ಅವಳನ್ನು ಕ್ಷಮಿಸುತ್ತಿರಲಿಲ್ಲ.

ಪಂಪಿನ ಕೆಲಸ ಚಿಕ್ಕದೆಂದು ನೀನು ಇಷ್ಟು ವರ್ಷ ನನ್ನಿಂದ ಮುಚ್ಚಿಟ್ಟಿದ್ದರೆ ಅದು ನಿನ್ನ ದಡ್ಡತನ. ಒಂದು ಬೇರಿಂಗಿನಿಂದ ದೋಣಿ ಪೂರ್ತಿ ಸಿಕ್ಕಿಬೀಳುವುದಾದರೆ ಆ ಕೆಲಸ ಚಿಕ್ಕದಲ್ಲ. ಮೊನ್ನೆ ಕ್ಲಿನಿಕ್ಕಿನಲ್ಲಿ ಆ ಮ್ಯಾನೇಜರು ಮತ್ತೆ ಸಿಕ್ಕಿದ್ದರು. ಇಬ್ಬರ ಕೆಲಸವನ್ನೂ ಬಿಡಿಸಿ ಹೇಳಿದೆ. ಅವರ ಸರದಿ ಬಂದು ಹೋಯಿತು, ಅವರಿಗೆ ತಿಳಿಯಲೇ ಇಲ್ಲ.

ಇನ್ನೊಂದು ಮಾತು ಬರೆದು ನಿಲ್ಲಿಸುತ್ತೇನೆ. ನೀನು ನೀರಿಗಿಳಿದರೆ ವಾರಗಟ್ಟಲೆ ನಿನ್ನ ಸುದ್ದಿಯಿರುವುದಿಲ್ಲ. ತಟ್ಟೆ ಹಾಕುವಾಗ, ದೀಪ ಆರಿಸುವಾಗ, ಎಲ್ಲಿದ್ದಾನೋ ಎಂದು ಒಂದು ಸಲ ಅಂದುಕೊಂಡು ಸುಮ್ಮನಾಗುತ್ತೇನೆ. ಉತ್ತರ ಹೇಳುವವರು ಯಾರೂ ಇರಲಿಲ್ಲ. ನೀನು ಅವಳಿಗೆ ಸಿಕ್ಕ ಮಧ್ಯಾಹ್ನ ಸ್ವಲ್ಪ ಹೊತ್ತು, ನೀನೆಲ್ಲಿದ್ದೀಯೆಂದು ನಮ್ಮ ಮನೆಯವರೊಬ್ಬರಿಗೆ ಗೊತ್ತಿತ್ತು.

ಪಂಪನ್ನು ಚೆನ್ನಾಗಿ ಕೂರಿಸು. ಸದ್ದಿಲ್ಲದೆ ಹೋಗು. ಮತ್ತೆ ಹುಡುಕು ಎಂದು ಅವಳಿಗೆ ಹೇಳಿದ್ದೇನೆ.

ನಿನ್ನ ತಾಯಿ